ಬೆಕ್ಕನ್ನು ಕಾಲುವೆ ದಾಟಿಸುವ ಮುನ್ನ

ಗೋಣಿಚೀಲ ಆಗಲೇ ಬಾಗಿಲಿಗೆ ಬಂದಿತ್ತು. ಬಾಯಿ ಕಟ್ಟಲು ಹುರಿಯೂ ಸಿದ್ಧವಿತ್ತು. ಬೆಕ್ಕು ಮಾತ್ರ ಏನೂ ಗೊತ್ತಿಲ್ಲದಂತೆ ಒಲೆ ಪಕ್ಕದ ಬೆಚ್ಚನೆ ಬೂದಿಯಲ್ಲಿ ಮುದುಡಿ ಮಲಗಿತ್ತು. ಎರಡೂ ಕಣ್ಣಿಗೆ ಪಿಸುರು, ಮೂಗಿನ ತುದಿಯಲ್ಲಿ ಸಿಂಬಳ. ನಾಲ್ಕು ಸಲ ಸೀನಿದರೆ ಒಂದು ಸಲ ಕತ್ತು ಮುಂದಕ್ಕೆ ಚಾಚಿ ಕೆಮ್ಮುತ್ತಿತ್ತು.

ಮಲಪನಗುಡಿಯ ನಮ್ಮ ಓಣಿಯಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ಮನೆ ಅದು. ಮನೆಯ ಸೊಸೆ ನನ್ನನ್ನು ಕರೆದು ಕೇಳಿದಳು: "ಅಣ್ಣಾ, ಇದಕ್ಕ ದಮ್ಮು ಬಂದೈತಿ. ನಮ್ಮ ಹುಡುಗನೂ ಮೂರು ದಿನದಿಂದ ಕೆಮ್ಮಾಕತ್ಯಾನ. ಚೀಲದಾಗ ಹಾಕಿ ಕಾಲುವಿ ದಾಟಿಸಿ ಬಿಟ್ಟು ಬಾ ಅಂತಾಳ ನಮ್ಮತ್ತಿ. ಏನ್ಮಾಡಾನ?"

ನೀರು ದಾಟಿಸಿದ ಬೆಕ್ಕು ಮನೆಯ ದಾರಿ ಮರೆಯುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಆ ನೀರು ಬಾಳೆ, ಕಬ್ಬು, ಭತ್ತಕ್ಕೆ ಉಣಿಸಿದ್ದರ ಜೊತೆಗೆ ಎಷ್ಟು ಬೆಕ್ಕುಗಳನ್ನು ದಾಟಿಸಿದೆಯೋ ಲೆಕ್ಕ ಇಟ್ಟವರಿಲ್ಲ.

ನಾನು ಡಾಕ್ಟರೂ ಅಲ್ಲ, ಪಶುವೈದ್ಯನೂ ಅಲ್ಲ. ಓದಿದ್ದನ್ನು ಒಂದಕ್ಕೊಂದು ತಾಳೆ ನೋಡುವ ಚಟ ಇರುವವನು. ಹಾಗಾಗಿ ಆ ಅತ್ತೆಯ ಮಾತಿಗೆ ಅಲ್ಲಿಯೇ ಎದುರು ಹೇಳಲಿಲ್ಲ. ಹೇಳಬೇಕೆನಿಸಿದ್ದನ್ನು ಈ ಬರಹದಲ್ಲಿ, ಹಿರಿಯರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ. ನನ್ನ ಮಾತು ಇಷ್ಟೇ: ಬೆಕ್ಕಿನ ಕೆಮ್ಮು ಮನುಷ್ಯರಿಗೆ ಬರುತ್ತದೆಯೇ ಎಂಬ ಪ್ರಶ್ನೆ ತಪ್ಪಲ್ಲ, ಆದರೆ ಅದನ್ನು ನಾವು ಕೇಳುವ ದಿಕ್ಕು ತಪ್ಪು.

ಮೊದಲು ಆ ಹೆದರಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಿಸಿಬಿಡೋಣ. ಅದು ಮೂಢನಂಬಿಕೆ ಎಂದು ತಳ್ಳಿಹಾಕುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಕೋವಿಡ್ ಕಂಡ ಜನ ನಾವು. ಪ್ರಾಣಿಯಿಂದ ಬಂದಿರಬಹುದಾದ ವೈರಸ್ಸು ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ಯಾರೂ ನಮಗೆ ಪಾಠ ಹೇಳಬೇಕಿಲ್ಲ. 2025ರ ಫೆಬ್ರವರಿ ಕೊನೆಯಲ್ಲಿ ಇಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿ ಸತ್ತವು; ಹಕ್ಕಿಜ್ವರ ಎಂದು ಖಚಿತವಾಯಿತು. ಅದಕ್ಕೂ ಒಂದು ತಿಂಗಳ ಹಿಂದೆ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಸಾಕುಬೆಕ್ಕುಗಳಲ್ಲೇ ಹಕ್ಕಿಜ್ವರದ ವೈರಸ್ಸು ಸಿಕ್ಕಿತ್ತು. ನಮ್ಮ ದೇಶದ ಸಾಕುಬೆಕ್ಕುಗಳಲ್ಲಿ ಅದು ಕಂಡದ್ದು ಅದೇ ಮೊದಲು. ಅದೇ ಬೇಸಿಗೆಯಲ್ಲಿ ರಾಯಚೂರಿನಲ್ಲಿ ಬೆಕ್ಕುಗಳಿಗೆ ವೈರಸ್ ಹರಡಿದೆ ಎಂಬ ಸುದ್ದಿ ಟಿವಿಯಲ್ಲಿ ಬಂತು. ಇಷ್ಟನ್ನೆಲ್ಲ ಕೇಳಿದ ಅಜ್ಜಿಯೊಬ್ಬಳು ಮೊಮ್ಮಗನ ಕೆಮ್ಮನ್ನೂ ಬೆಕ್ಕಿನ ಕೆಮ್ಮನ್ನೂ ಜೋಡಿಸಿ ನೋಡಿದರೆ ಅದು ದಡ್ಡತನ ಅಲ್ಲ, ಎಚ್ಚರ.

ಆದರೆ ಎಚ್ಚರಕ್ಕೂ ವಿಳಾಸ ಬೇಕು. ವಿಳಾಸ ತಪ್ಪಿದ ಎಚ್ಚರ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ರಾಯಚೂರಿನ ಸುದ್ದಿಯನ್ನೇ ಬಿಡಿಸಿ ನೋಡಿ. ಅಲ್ಲಿ ಹೆಸರು ಕೇಳಿಬಂದದ್ದು ಪ್ಯಾನ್‌ಲ್ಯುಕೋಪೀನಿಯಾ. ಅದು ಶ್ವಾಸಕೋಶದ ರೋಗವೇ ಅಲ್ಲ. ಬೆಕ್ಕಿನ ಕರುಳನ್ನೂ ರಕ್ತದ ಬಿಳಿಕಣಗಳನ್ನೂ ಹಾಳುಮಾಡುವ ವೈರಸ್ಸು. ವಾಂತಿ, ಭೇದಿ, ಮೂರ್ನಾಲ್ಕು ದಿನದಲ್ಲಿ ಮರಿಗಳ ಸಾವು. ಬೆಕ್ಕಿಗೆ ಅದು ಘೋರ, ಮನುಷ್ಯರಿಗೆ ಹತ್ತುವುದಿಲ್ಲ. ತಡೆಯಲು ಲಸಿಕೆ ಇದೆ. ಆದರೆ "ಬೆಕ್ಕಿಗೆ ವೈರಸ್" ಎಂಬ ಎರಡೇ ಪದ ಓಣಿ ಓಣಿ ದಾಟುವಷ್ಟರಲ್ಲಿ ಕರುಳಿನ ರೋಗ ಎದೆಯ ರೋಗವಾಗಿ, ಬೆಕ್ಕಿನದು ಮಗುವಿನದಾಗಿ ಬದಲಾಗಿರುತ್ತದೆ.

ಇನ್ನು ಒಲೆ ಪಕ್ಕ ಮಲಗಿದ್ದ ಆ ಬೆಕ್ಕಿನ ನೆಗಡಿ. ಬೆಕ್ಕುಗಳಲ್ಲಿ ಸೀನು, ಮೂಗು ಸೋರುವುದು, ಕಣ್ಣಿನ ಪಿಸುರು ಕಂಡರೆ ಹೆಚ್ಚಿನ ಸಲ ಹಿಂದೆ ಇರುವುದು ಎರಡು ವೈರಸ್ಸುಗಳು: ಒಂದು ಬೆಕ್ಕಿನ ಹರ್ಪಿಸ್, ಇನ್ನೊಂದು ಬೆಕ್ಕಿನ ಕ್ಯಾಲಿಸಿ. ಎರಡೂ ಬೆಕ್ಕಿನಿಂದ ಬೆಕ್ಕಿಗೆ ದಾಟುತ್ತವೆ. ಮರಿಗಳಲ್ಲಿ, ಬಡಕಲು ಬೆಕ್ಕುಗಳಲ್ಲಿ ಕೆಲವೊಮ್ಮೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದೂ ಉಂಟು. ಹರ್ಪಿಸ್ ಒಮ್ಮೆ ಬಂದರೆ ಹೋಗುವುದಿಲ್ಲ. ಒಳಗೇ ಅಡಗಿದ್ದು, ಬೆಕ್ಕಿಗೆ ಗಾಬರಿಯೋ ಹಸಿವೋ ಆದಾಗ ಮತ್ತೆ ಹೆಡೆ ಎತ್ತುತ್ತದೆ. ಚೀಲದಲ್ಲಿ ಕಟ್ಟಿ ಗುರುತಿಲ್ಲದ ಊರಲ್ಲಿ ಬಿಡುವುದಕ್ಕಿಂತ ದೊಡ್ಡ ಗಾಬರಿ ಬೆಕ್ಕಿಗೆ ಇನ್ನೇನಿದೆ? ಈ ಎರಡು ವೈರಸ್ಸುಗಳ ಹೆಸರಿನಲ್ಲೇ ಬೆಕ್ಕು ಇದೆ, ನಡತೆಯಲ್ಲೂ ಅಷ್ಟೇ: ಮನುಷ್ಯನ ಮೂಗಿಗೆ ಹೋದರೆ ಅವಕ್ಕೆ ಅಲ್ಲಿ ಬೇರೂರಲು ಜಾಗ ಸಿಗುವುದಿಲ್ಲ.

ಬೆಕ್ಕಿನ ನ್ಯುಮೋನಿಯಾದ ಮೇಲಿನ ಅನುಮಾನ ನಮ್ಮ ಓಣಿಯದ್ದಷ್ಟೇ ಅಲ್ಲ, ದೊಡ್ಡ ಪ್ರಯೋಗಾಲಯಗಳನ್ನೂ ಕಾಡಿತ್ತು. 1942ರಲ್ಲಿ ಅಮೆರಿಕದ ಜೇಮ್ಸ್ ಬೇಕರ್ ಎಂಬ ಸಂಶೋಧಕರು ನ್ಯುಮೋನಿಯಾ ಬಂದ ಬೆಕ್ಕುಗಳಿಂದ ಒಂದು 'ವೈರಸ್' ಬೇರ್ಪಡಿಸಿದರು. ಅದು ಎರಡನೇ ಮಹಾಯುದ್ಧದ ಕಾಲ. ಸೈನಿಕರ ಶಿಬಿರಗಳಲ್ಲಿ ಕಾರಣ ತಿಳಿಯದ ವಿಚಿತ್ರ ನ್ಯುಮೋನಿಯಾ ಹರಡುತ್ತಿತ್ತು. ಬೆಕ್ಕಿನದಕ್ಕೂ ಇದಕ್ಕೂ ನಂಟಿರಬಹುದೇ ಎಂದು ಬೇಕರ್ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ನಿಧಾನವಾಗಿ ಬಂತು. ಶಿಬಿರಗಳ ಆ ನ್ಯುಮೋನಿಯಾದ ಮುಖ್ಯ ಕಾರಣ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣು. 1962ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಅದು ಮನುಷ್ಯರ ಕೆಮ್ಮಿನಿಂದ ಮನುಷ್ಯರಿಗೆ ಹರಡುವಂಥದ್ದು. ಬೆಕ್ಕಿನಲ್ಲಿ ಸಿಕ್ಕಿದ್ದಾದರೋ ವೈರಸ್ಸೇ ಆಗಿರಲಿಲ್ಲ, ಕ್ಲಮೈಡಿಯಾ ಜಾತಿಯ ಬ್ಯಾಕ್ಟೀರಿಯಾ. ಅದರ ಮುಖ್ಯ ಕೆಲಸ ಬೆಕ್ಕಿನ ಕಣ್ಣು ಕೆಂಪಾಗಿಸುವುದು. ಒಂದೇ ಬ್ಯಾರಕ್ಕಿನಲ್ಲಿ ಒತ್ತೊತ್ತಾಗಿ ಮಲಗಿದ ಸೈನಿಕರು ಒಬ್ಬರಿಗೊಬ್ಬರು ರೋಗ ಹಂಚಿಕೊಳ್ಳುತ್ತಿದ್ದಾಗ ಅನುಮಾನದ ಕಣ್ಣು ಮೂಲೆಯ ಬೆಕ್ಕಿನ ಮೇಲೂ ಬಿದ್ದಿತ್ತು.

ಇಲ್ಲಿಗೆ ಮಾತು ಮುಗಿಸಿಬಿಟ್ಟರೆ ಬೆಕ್ಕುಪ್ರಿಯರು ಚಪ್ಪಾಳೆ ತಟ್ಟುತ್ತಾರೆ. ಆದರೆ ನನ್ನ ತಕರಾರು ಅವರ ಜೊತೆಗೂ ಇದೆ. "ಬೆಕ್ಕಿನಿಂದ ಏನೂ ಬರಲ್ಲ" ಎಂಬುದು "ಎಲ್ಲ ಬೆಕ್ಕಿನಿಂದಲೇ" ಎಂಬುದರಷ್ಟೇ ಅವಸರದ ಮಾತು. ಹಕ್ಕಿಜ್ವರದ ಎಚ್5ಎನ್1 ವೈರಸ್ಸು ಬೆಕ್ಕಿನ ಶ್ವಾಸಕೋಶಕ್ಕೂ ಮಿದುಳಿಗೂ ಏರುತ್ತದೆ, ಬಹಳಷ್ಟು ಬೆಕ್ಕುಗಳನ್ನು ಕೊಲ್ಲುತ್ತದೆ. 2003ರಿಂದ ಈಚೆಗೆ ಜಗತ್ತಿನಲ್ಲಿ ಅದು ತಗುಲಿದ್ದು ಖಚಿತವಾದ ಮನುಷ್ಯರು ಸಾವಿರದ ಆಸುಪಾಸು, ಅವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಬದುಕಲಿಲ್ಲ. ಇಂಥ ವೈರಸ್ಸು ಹೊತ್ತ ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಳ್ಳಿ ಎಂದು ನಾನು ಹೇಳಲಾರೆ.

ನಾನು ಕೇಳುವುದು ಇಷ್ಟು: ಬೆಕ್ಕಿಗೆ ಅದು ಬಂದದ್ದು ಎಲ್ಲಿಂದ?

2004ರಲ್ಲಿ ಥಾಯ್ಲೆಂಡಿನಲ್ಲಿ ಬೆಕ್ಕೊಂದು ಸತ್ತಿತು. ಅದು ತಿಂದದ್ದು ಸತ್ತ ಪಾರಿವಾಳ. ಅದೇ ವರ್ಷ ಅಲ್ಲಿನ ಶ್ರೀರಾಚಾದ ಹುಲಿ ಮೃಗಾಲಯದಲ್ಲಿದ್ದ 441 ಹುಲಿಗಳಲ್ಲಿ 147 ಸತ್ತವು ಅಥವಾ ದಯಾಮರಣಕ್ಕೆ ಒಳಗಾದವು; ಅವಕ್ಕೆ ಹಾಕಿದ್ದು ಹಸಿ ಕೋಳಿ. 2023ರಲ್ಲಿ ಪೋಲೆಂಡಿನಲ್ಲಿ ಬೆಕ್ಕುಗಳು ಸಾಲಾಗಿ ಸತ್ತಾಗ ಪರೀಕ್ಷಿಸಿದ 47 ಮಾದರಿಗಳಲ್ಲಿ 29ರಲ್ಲಿ ವೈರಸ್ಸು ಸಿಕ್ಕಿತು. ಅಲ್ಲಿಯೂ ಅನುಮಾನ ಹೋದದ್ದು ಹಸಿ ಕೋಳಿಮಾಂಸದ ಮೇಲೆ. ಆ ಬೆಕ್ಕುಗಳನ್ನು ಎತ್ತಿ ಆಡಿಸಿದ, ಆರೈಕೆ ಮಾಡಿದ ಜನರ ಮೇಲೆ ನಿಗಾ ಇಟ್ಟರು, ಯಾರಿಗೂ ರೋಗಲಕ್ಷಣ ಕಾಣಲಿಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಹೈನು ಫಾರ್ಮಿನಲ್ಲಿ ಸುಮಾರು ಇಪ್ಪತ್ತನಾಲ್ಕು ಬೆಕ್ಕುಗಳಲ್ಲಿ ಅರ್ಧಕ್ಕೂ ಹೆಚ್ಚು ಸತ್ತವು. ಅವು ಕುಡಿದದ್ದು ಕಾಯಿಲೆ ಬಿದ್ದ ಹಸುಗಳ ಹಸಿ ಹಾಲು. ಛಿಂದ್ವಾರದಲ್ಲಿಯೂ ಬೆಕ್ಕುಗಳ ಸಂಪರ್ಕಕ್ಕೆ ಬಂದ ಜನರನ್ನು ಪರೀಕ್ಷಿಸಿದರು, ಅವರಲ್ಲಿ ಸೋಂಕು ಸಿಗಲಿಲ್ಲ.

ಪಕ್ಕದ ಆಂಧ್ರದ ನರಸರಾವ್‌ಪೇಟೆಯಲ್ಲಿ 2025ರ ಮಾರ್ಚ್‌ನಲ್ಲಿ ಎರಡು ವರ್ಷದ ಮಗುವೊಂದು ಎಚ್5ಎನ್1ನಿಂದ ತೀರಿಕೊಂಡಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಖಚಿತಪಡಿಸಿತು. ಮನೆಯವರು ನೆನಪಿಸಿಕೊಂಡದ್ದು ಬೆಕ್ಕನ್ನಲ್ಲ. ಮಗು ಬಾಯಿಗೆ ಹಾಕಿಕೊಂಡ ಹಸಿ ಕೋಳಿಯ ತುಂಡನ್ನು.

ಇವನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ದಾರಿ ಕಾಣುತ್ತದೆ. ಸತ್ತ ಹಕ್ಕಿಯಿಂದ, ಹಸಿ ಮಾಂಸದಿಂದ, ಕಾಯಿಸದ ಹಾಲಿನಿಂದ ಒಂದು ದಾರಿ ಬೆಕ್ಕಿಗೆ ಹೋಗುತ್ತದೆ, ಇನ್ನೊಂದು ನಮಗೆ ಬರುತ್ತದೆ. ಬೆಕ್ಕು ಈ ರೋಗದ ಸೇತುವೆ ಆಗುವುದಕ್ಕಿಂತ ಹೆಚ್ಚಾಗಿ ನಮ್ಮ ಜೊತೆ ಅದೇ ಪಂಕ್ತಿಯಲ್ಲಿ ಕೂತ ಇನ್ನೊಂದು ಎಲೆ. ನಮಗಿಂತ ಮೊದಲು ಬಡಿಸಿಕೊಂಡ ಎಲೆ. ಕೋಳಿ ಕೊಯ್ದ ಜಾಗದಲ್ಲಿ ನಾವು ಕೈ ತೊಳೆಯುವ ಮೊದಲೇ ಕರುಳು, ತಲೆ, ಪುಕ್ಕದ ರಾಶಿಗೆ ಬಾಯಿ ಹಾಕುವುದು ಅದೇ ತಾನೇ? ಆದ್ದರಿಂದ ಬೆಕ್ಕು ಮೊದಲು ಕಾಯಿಲೆ ಬೀಳುತ್ತದೆ. ಮೊದಲು ಬಿದ್ದದ್ದನ್ನು ನಾವು ಮೂಲ ಎಂದುಕೊಳ್ಳುತ್ತೇವೆ. ಬೆಂಕಿ ಕಂಡು ಮೊದಲು ಕೂಗಿದವನನ್ನೇ ಬೆಂಕಿ ಇಟ್ಟವನು ಎಂದು ಹಿಡಿದುಕೊಡುವ ನ್ಯಾಯ ಇದು.

"ಹಾಗಾದರೆ ಬೆಕ್ಕಿನಿಂದ ಮನುಷ್ಯರಿಗೆ ಬಂದದ್ದು ಒಂದೂ ಇಲ್ಲವೇ?" ಎಂದು ಕೇಳಿದರೆ, ಇದೆ. ನನ್ನ ವಾದಕ್ಕೆ ಅಡ್ಡ ಬರುವ ಸಾಕ್ಷಿಗಳನ್ನು ಮುಚ್ಚಿಡುವುದು ನ್ಯಾಯವಲ್ಲ.

2016ರ ಕೊನೆಯಲ್ಲಿ ನ್ಯೂಯಾರ್ಕಿನ ಬೆಕ್ಕುಗಳ ಆಶ್ರಯತಾಣದಲ್ಲಿ ಎಚ್7ಎನ್2 ಎಂಬ ಬೇರೊಂದು ಹಕ್ಕಿಜ್ವರ ಸುಮಾರು ಐನೂರು ಬೆಕ್ಕುಗಳನ್ನು ಬಾಧಿಸಿತು. ಅವಕ್ಕೆ ಚಿಕಿತ್ಸೆ ಮಾಡಿದ ಪಶುವೈದ್ಯರೊಬ್ಬರಿಗೆ ಅದು ತಗುಲಿತು, ಸೌಮ್ಯವಾಗಿ ಬಂದು ಹೋಯಿತು. 2021ರ ಆಗಸ್ಟ್‌ನಲ್ಲಿ ಥಾಯ್ಲೆಂಡಿನ ಸೊಂಗ್‌ಖ್ಲಾದಲ್ಲಿ ಕೋವಿಡ್ ಬಂದ ಬೆಕ್ಕಿನ ಮೂಗಿನ ಮಾದರಿ ತೆಗೆಯುತ್ತಿದ್ದ ಪಶುವೈದ್ಯೆಯ ಮುಖಕ್ಕೆ ಅದು ಸೀನಿತು. ಆಕೆ ಮಾಸ್ಕ್ ಹಾಕಿದ್ದರು, ಕೈಗವಸು ತೊಟ್ಟಿದ್ದರು. ಕಣ್ಣಿಗೆ ಮಾತ್ರ ರಕ್ಷಣೆ ಇರಲಿಲ್ಲ. ಆಕೆಗೂ ಕೋವಿಡ್ ಬಂತು. ಆದರೆ ಕಥೆಯ ಹಿಂದಿನ ಪುಟ ತಿರುಗಿಸಿ ನೋಡಿ: ಆ ಬೆಕ್ಕಿನ ಯಜಮಾನರು, ತಂದೆ ಮತ್ತು ಮಗ, ಇಬ್ಬರಿಗೂ ಮೊದಲೇ ಕೋವಿಡ್ ಇತ್ತು. ಬೆಕ್ಕು ಅವರ ಜೊತೆ ಅದೇ ಕೋಣೆಯಲ್ಲಿ ಮಲಗುತ್ತಿತ್ತು. ಕೋವಿಡ್ ಕಾಲದುದ್ದಕ್ಕೂ ಬೆಕ್ಕಿನಿಂದ ಮನುಷ್ಯರಿಗೆ ಬಂದದ್ದಕ್ಕಿಂತ ಮನುಷ್ಯರು ಬೆಕ್ಕಿಗೆ ಕೊಟ್ಟದ್ದೇ ಬಹಳ ಹೆಚ್ಚು. ಲೆಕ್ಕ ತೀರಿಸಲು ಕೂತರೆ ಬಾಕಿ ನಮ್ಮ ಕಡೆಯೇ ಇದೆ.

ಇನ್ನೊಂದು ಘಟನೆ ಕೆನಡಾದ ಹ್ಯಾಲಿಫ್ಯಾಕ್ಸ್‌ನದ್ದು, 1980ರ ದಶಕದ್ದು. ಒಂದು ಮನೆಯಲ್ಲಿ ಗೆಳೆಯರು ಕೂತು ಇಸ್ಪೀಟು ಆಡುತ್ತಿದ್ದರು. ಅದೇ ಮನೆಯಲ್ಲಿ ಬೆಕ್ಕು ಮರಿ ಹಾಕಿತು. ಮುಂದಿನ ವಾರಗಳಲ್ಲಿ ಹನ್ನೆರಡು ಆಟಗಾರರು ಜ್ವರ, ಕೆಮ್ಮು ಎಂದು ಮಲಗಿದರು. ಕಾರಣ ಕ್ಯೂ ಜ್ವರದ ಬ್ಯಾಕ್ಟೀರಿಯಾ, ಬಂದದ್ದು ಬೆಕ್ಕಿನ ಬಾಣಂತನದ ಕಸದಿಂದ. ಬೆಕ್ಕು ಇಲ್ಲಿ ನಿಜಕ್ಕೂ ತಪ್ಪಿತಸ್ಥ. ಆದರೆ ಅದೇ ರೋಗದ ದೊಡ್ಡ ಗೂಡು ದನ, ಕುರಿ, ಮೇಕೆಗಳಲ್ಲಿದೆ. ಕುರಿ ಈದರೆ ನಾವು ಬರಿಗೈಯಲ್ಲಿ ಮಾಸು ಎಳೆಯುತ್ತೇವೆ, ಅದೇ ಕೈಯಲ್ಲಿ ಬೀಡಿ ಹಚ್ಚುತ್ತೇವೆ. ಕುರಿಯನ್ನು ಯಾರೂ ಕಾಲುವೆ ದಾಟಿಸುವುದಿಲ್ಲ. ದಾಟಿಸಬೇಕೆಂದೂ ನಾನು ಹೇಳುತ್ತಿಲ್ಲ. ಕುರಿಗೆ ಸಂತೆಯಲ್ಲಿ ಬೆಲೆ ಇದೆ, ಬೆಕ್ಕಿಗೆ ಇಲ್ಲ. ನಮ್ಮ ರೋಗಭಯ ಎಷ್ಟೋ ಸಲ ಬೆಲೆ ಇಲ್ಲದ್ದನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದಷ್ಟೇ ನನ್ನ ಮಾತು.

ಬೆಕ್ಕಿನಿಂದ ಮನುಷ್ಯರಿಗೆ ನಿಜವಾಗಿ ಇರುವ ದೊಡ್ಡ ಅಪಾಯ ಅದರ ಉಸಿರಿನಲ್ಲಿ ಇಲ್ಲ, ಹಲ್ಲಿನಲ್ಲಿ ಇದೆ. ಹುಚ್ಚುನಾಯಿ ಕಡಿತದ ರೋಗ ಬೆಕ್ಕಿನ ಕಡಿತದಿಂದಲೂ ಬರಬಹುದು. ಬೆಕ್ಕು ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಶುರುಮಾಡಬೇಕು. ಅರಿಶಿನ, ಕಾಫಿಪುಡಿ ಮೆತ್ತಿ ಕೂರಬಾರದು. ಈಗ ಯೋಚಿಸಿ: ಒಲೆ ಬದಿಯಲ್ಲಿ ಸುಮ್ಮನೆ ಮಲಗಿರುವ ಕಾಯಿಲೆ ಬೆಕ್ಕನ್ನು ಹಿಡಿದು, ಕತ್ತು ಒತ್ತಿ, ಚೀಲಕ್ಕೆ ತುರುಕುವಾಗ ಅದು ಏನು ಮಾಡುತ್ತದೆ? ಕಚ್ಚುತ್ತದೆ, ಪರಚುತ್ತದೆ, ಮುಖಕ್ಕೆ ಸೀನುತ್ತದೆ. ರೋಗ ತಪ್ಪಿಸಿಕೊಳ್ಳಲು ಹೊರಟವರು ಆ ಬೆಕ್ಕಿನಿಂದ ತಮಗೆ ಬರಬಹುದಾದ ಎಲ್ಲ ಅಪಾಯವನ್ನೂ ಐದು ನಿಮಿಷದಲ್ಲಿ ಒಟ್ಟುಗೂಡಿಸಿಕೊಳ್ಳುತ್ತಾರೆ.

ಕಾಲುವೆ ಆಚೆ ಬಿಟ್ಟ ಮೇಲೆ ಬೆಕ್ಕು ಏನು ತಿನ್ನುತ್ತದೆ? ಮನೆಯಲ್ಲಿದ್ದರೆ ಅನ್ನ-ಹಾಲು ಸಿಗುತ್ತಿತ್ತು. ಅಲ್ಲಿ ಸಿಗುವುದು ಕೋಳಿ ಅಂಗಡಿ ಹಿಂದಿನ ತಿಪ್ಪೆ, ರಸ್ತೆ ಬದಿಯ ಸತ್ತ ಕಾಗೆ. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರಕ್ಕೆ, ತುಂಗಭದ್ರಾ ಹಿನ್ನೀರಿಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುವ ಸೀಮೆ ನಮ್ಮದು. ಅಂಕಸಮುದ್ರ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ, ಅದು ನಮ್ಮ ಹೆಮ್ಮೆ. ಹಕ್ಕಿಗಳ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಹಕ್ಕಿ, ಕೋಳಿ, ಬೆಕ್ಕು, ಮನುಷ್ಯ ಎಲ್ಲ ಕೂಡಿ ಬಾಳುವ ಊರಲ್ಲಿ ಯಾವ ಬೆಕ್ಕು ಕಣ್ಣಳತೆಯಲ್ಲಿ ಇರಬೇಕು, ಯಾವುದು ತಿಪ್ಪೆಗೆ ಬೀಳಬಾರದು ಎಂಬುದು ಲೆಕ್ಕಾಚಾರದ ಮಾತು. ಮನೆಯ ಬೆಕ್ಕು ಸತ್ತರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ತಿಪ್ಪೆಯ ಬೆಕ್ಕು ಸತ್ತರೆ ಯಾರಿಗೂ ತಿಳಿಯುವುದಿಲ್ಲ, ಅದರ ಹೆಣವನ್ನು ಇನ್ನೊಂದು ಪ್ರಾಣಿ ತಿನ್ನುತ್ತದೆ. ಇತ್ತ ಬೆಕ್ಕಿಲ್ಲದ ಮನೆಯ ಜೋಳದ ಚೀಲಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಗದ್ದೆ-ತೋಟದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಆ ಮಗುವಿನ ಕೆಮ್ಮು? ಅದೇ ನನಗೆ ಬೆಕ್ಕಿಗಿಂತ ದೊಡ್ಡ ಚಿಂತೆಯಾಗಿತ್ತು.

ಹುಡುಗನನ್ನು ಅಜ್ಜಿಯ ತೊಡೆ ಮೇಲೆ ಮಲಗಿಸಿ ಅಂಗಿ ಮೇಲಕ್ಕೆ ಸರಿಸಿದೆವು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಹೊಟ್ಟೆ ಏಳುವುದನ್ನು ಎಣಿಸಿದೆ. ಮೂವತ್ತನಾಲ್ಕು. ಮೂರು ವರ್ಷದ ಮಗು. ಆಶಾ ಕಾರ್ಯಕರ್ತೆಯರಿಗೆ ಕಲಿಸುವ ಲೆಕ್ಕ ಇದು: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಉಸಿರು ಇಷ್ಟು ಮುಟ್ಟಿದರೆ ಅಥವಾ ದಾಟಿದರೆ ನ್ಯುಮೋನಿಯಾ ಎಂದು ಅನುಮಾನಿಸಿ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಹಾಲು ನೀರು ಕುಡಿಯಲು ಆಗದಿದ್ದರೆ ಎಣಿಸುತ್ತಾ ಕೂರುವುದೂ ಬೇಡ. ನಮ್ಮ ಹುಡುಗನಿಗೆ ಗುಳಿ ಬೀಳುತ್ತಿರಲಿಲ್ಲ, ಬಿಸ್ಕತ್ತು ತಿನ್ನುತ್ತಿದ್ದ. ಅವನನ್ನು ಎಣಿಸಿದ ಮೇಲೆ ಬೆಕ್ಕಿನದನ್ನೂ ಎಣಿಸಿದೆ: ಇಪ್ಪತ್ತೆಂಟು. ಸುಮ್ಮನೆ ಮಲಗಿದ ಬೆಕ್ಕಿಗೆ ಮೂವತ್ತರೊಳಗೆ ಇದ್ದರೆ ಸರಿ ಎನ್ನುತ್ತಾರೆ. ಅಜ್ಜಿ ನಕ್ಕಳು: "ಅದರದ್ದೂ ಎಣಸ್ತೀಯೇನೋ ತಮ್ಮಾ?"

ಎಣಿಸುತ್ತಾ ಕೂತಾಗ ನನ್ನ ಕಣ್ಣೇ ಉರಿಯತೊಡಗಿತು. ಒಲೆಗೆ ಹತ್ತಿಕಟ್ಟಿಗೆ ಹಾಕಿದ್ದರು, ಮೇಲೊಂದು ಹಸಿ ಕುಳ್ಳು. ಹೆಂಚಿನ ಸಂದಿಯಿಂದ ಒಂದಿಷ್ಟು ಹೊಗೆ ಹೊರಗೆ ಹೋಗುತ್ತಿತ್ತು, ಉಳಿದದ್ದು ಆಳೆತ್ತರಕ್ಕೆ ತೂಗುತ್ತಿತ್ತು. ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಇತ್ತು, ಮೇಲೆ ಬಟ್ಟೆ ಹೊದಿಸಿತ್ತು. ನೆಂಟರು ಬಂದಾಗ ಚಹಾಕ್ಕೆ ಮಾತ್ರ. ತುಂಬಿಸಲು ದುಡ್ಡು ಬೇಕಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದು: ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಸಾವುಗಳಲ್ಲಿ ನೂರಕ್ಕೆ 44 ಮನೆಯೊಳಗಿನ ಹೊಗೆಯ ಲೆಕ್ಕಕ್ಕೆ ಸೇರುತ್ತವೆ. ಇದರ ಪಕ್ಕದಲ್ಲಿ ಬೆಕ್ಕಿನ ಲೆಕ್ಕ ಇಟ್ಟು ನೋಡಿ. ನಾನು ಮೇಲೆ ಹೇಳಿದ ಘಟನೆಗಳಲ್ಲಿ ನ್ಯೂಯಾರ್ಕಿನ ಒಬ್ಬ ವೈದ್ಯರು, ಸೊಂಗ್‌ಖ್ಲಾದ ಒಬ್ಬ ವೈದ್ಯೆ, ಹ್ಯಾಲಿಫ್ಯಾಕ್ಸ್‌ನ ಹನ್ನೆರಡು ಆಟಗಾರರು ಎಂದು ಬೆರಳು ಮಡಚಿ ಎಣಿಸಬಹುದು. ವೈದ್ಯರಿಬ್ಬರೂ ಚೇತರಿಸಿಕೊಂಡರು. ನಮ್ಮ ಸೀಮೆಯಲ್ಲಿ ಒಲೆಯ ಹೊಗೆಯ ಜೊತೆಗೆ ಬೇರೆಯವೂ ಇವೆ. ಕಂಪ್ಲಿ ಕಡೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಸುಡುವ ರವದಿ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಹೋದ ಮೇಲೆ ಎಲೆಯ ಮೇಲೂ ಎದೆಯೊಳಗೂ ಕೂರುವ ಕೆಂಪು ಧೂಳು. ಮನೆಯ ಹಿರಿಯರ ಬೀಡಿ. ಎರಡು ವಾರ ದಾಟಿದರೂ "ಹೊಗೆಸೊಪ್ಪಿನ ಕೆಮ್ಮು" ಎಂದು ಕಫ ಪರೀಕ್ಷೆಗೆ ಹೋಗದ ಕ್ಷಯ. ಇವುಗಳಲ್ಲಿ ಯಾವುದನ್ನೂ ಚೀಲದಲ್ಲಿ ಕಟ್ಟಲಾಗುವುದಿಲ್ಲ. ಬೆಕ್ಕನ್ನು ಕಟ್ಟಬಹುದು. ಅದಕ್ಕೇ ಅದನ್ನು ಕಟ್ಟುತ್ತೇವೆ.

ಈ ಮಾತಿಗೆ ಎದುರು ಬರುವ ಒಂದು ಗಟ್ಟಿ ಆಕ್ಷೇಪ ನನಗೆ ಗೊತ್ತು. "ಹೊಗೆ ಹಳೆಯದು, ಗೊತ್ತಿರುವಂಥದ್ದು. ಹೊಸ ವೈರಸ್ಸು ಯಾವಾಗ ರೂಪ ಬದಲಿಸುತ್ತದೋ ಯಾರಿಗೆ ಗೊತ್ತು? ಇವತ್ತು ಬೆಕ್ಕಿನಿಂದ ಬರದಿದ್ದದ್ದು ನಾಳೆ ಬರಬಹುದು. ಮುಂಜಾಗ್ರತೆ ತಪ್ಪೇ?" ತಪ್ಪಲ್ಲ, ಈ ಮಾತಿನಲ್ಲಿ ಸತ್ವವಿದೆ. ವೈರಸ್ಸು ಬದಲಾಗುತ್ತದೆ, ಎಚ್5ಎನ್1 ಹಸುವಿನ ಕೆಚ್ಚಲಿಗೆ ಇಳಿಯಬಹುದೆಂದು 2024ಕ್ಕೆ ಮೊದಲು ಯಾರು ಊಹಿಸಿದ್ದರು? ಆದರೆ ಅದನ್ನು ಕಂಡುಹಿಡಿದದ್ದು ಹೇಗೆ ಎಂಬುದನ್ನೂ ನೆನೆಯಿರಿ. ಟೆಕ್ಸಾಸ್‌ನಲ್ಲಿ ಹಸುಗಳು ಹಾಲು ಕಡಿಮೆ ಕೊಟ್ಟು ಮಂಕಾಗಿದ್ದವು, ಕಾರಣ ತಿಳಿಯುತ್ತಿರಲಿಲ್ಲ. ಅದೇ ಫಾರ್ಮಿನ ಬೆಕ್ಕುಗಳು ಸತ್ತವು. ಸತ್ತ ಬೆಕ್ಕುಗಳ ಮಾದರಿಯಲ್ಲೂ ಹಸುವಿನ ಹಾಲಿನಲ್ಲೂ ಒಂದೇ ವೈರಸ್ಸು ಸಿಕ್ಕಾಗ ರಹಸ್ಯ ಬಿಚ್ಚಿತು. ಆ ಬೆಕ್ಕುಗಳನ್ನು ಯಾರಾದರೂ ಮೊದಲೇ ಚೀಲದಲ್ಲಿ ಕಟ್ಟಿ ಬೇರೆ ಊರಿಗೆ ಬಿಟ್ಟಿದ್ದರೆ? ಮುಂಜಾಗ್ರತೆ ಬೇಕೆನ್ನುವವರಿಗೇ ನನ್ನ ಕೋರಿಕೆ ಇದು. ನಾಳೆಯ ವೈರಸ್ಸಿನ ಬಗ್ಗೆ ನಿಜವಾಗಿ ಹೆದರುವವರು ಬೆಕ್ಕನ್ನು ಮನೆಯಲ್ಲಿ, ಕಣ್ಣೆದುರಿಗೆ ಇಟ್ಟುಕೊಳ್ಳಬೇಕು.

ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತಲ್ಲ. ಕಣ್ಣೆದುರಿಗೆ ಇಟ್ಟುಕೊಳ್ಳುವುದಕ್ಕೂ ಕ್ರಮ ಇದೆ. ಕೆಮ್ಮುವ ಬೆಕ್ಕನ್ನು ಮಗುವಿನ ಹಾಸಿಗೆಯಿಂದ, ಅಡುಗೆ ಜಾಗದಿಂದ ದೂರ, ಒಂದು ಮೂಲೆಯಲ್ಲಿ ಬೆಚ್ಚಗೆ ಇಡಬೇಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಮಗು ಅದಕ್ಕೆ ಮುತ್ತು ಕೊಡುವುದನ್ನು ಕೆಲ ದಿನ ನಿಲ್ಲಿಸಬೇಕು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪಿಸುರು ಒರೆಸಿ ಹತ್ತಿ ಸುಟ್ಟುಬಿಡಬೇಕು. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಹತ್ತುವುದಿಲ್ಲ, ವಾಸನೆ ಹತ್ತದೆ ತಿನ್ನುವುದಿಲ್ಲ. ಬಿಸಿಮಾಡಿದ ಊಟ ಕೊಟ್ಟರೆ ತಿಂದೀತು. ಬಾಯಿ ತೆರೆದು ಉಸಿರಾಡಿದರೆ, ಎರಡು ದಿನ ತಿನ್ನದಿದ್ದರೆ ಪಶು ಆಸ್ಪತ್ರೆಗೆ ಒಯ್ಯಬೇಕು. ಬೆಕ್ಕು ಇದ್ದಕ್ಕಿದ್ದಂತೆ ತೂರಾಡಿ, ಜೊಲ್ಲು ಸುರಿಸಿ, ಸೆಳವು ಬಂದು ಬಿದ್ದರೆ, ಅದೇ ವಾರ ಹಿತ್ತಲ ಕೋಳಿಯೋ ಕಾಗೆಯೋ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದರೂ ಆದೀತು. ಇದು ಆ ಬೆಕ್ಕು ಊರಿಗೆ ಕೊಡುವ ಸುದ್ದಿ, ಕಸದ ಗುಂಡಿಗೆ ಹಾಕಬಾರದು.

ಮಗುವಿನ ಲಸಿಕೆ ಕಾರ್ಡು ತೆಗೆದು ನೋಡುವುದು ಇದೆಲ್ಲಕ್ಕಿಂತ ಮೊದಲ ಕೆಲಸ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯನ್ನು 2021ರಿಂದ ಇಡೀ ದೇಶದಲ್ಲಿ ಸರ್ಕಾರವೇ ಪುಕ್ಕಟೆ ಕೊಡುತ್ತಿದೆ: ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ನಮ್ಮ ಹುಡುಗನ ಕಾರ್ಡನ್ನು ಟ್ರಂಕಿನಿಂದ ತೆಗೆಸಿದೆ. ಮೊದಲೆರಡಕ್ಕೆ ಗುರುತಿತ್ತು. ಒಂಬತ್ತನೇ ತಿಂಗಳ ಚೌಕ ಖಾಲಿ. "ಆಗ ತವರಿಗೆ ಹೋಗಿದ್ನೆಣ್ಣಾ," ಎಂದಳು ಸೊಸೆ. ಬೆಕ್ಕಿನ ಕಡೆ ನೋಡುತ್ತಿದ್ದ ಎಲ್ಲರ ಕಣ್ಣೂ ಆ ಖಾಲಿ ಚೌಕಕ್ಕೆ ತಿರುಗಿತು. ಆ ಕಾರ್ಡು ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗಿ ಮುಂದೇನೆಂದು ಕೇಳುತ್ತೇನೆ ಎಂದಳು.

ಅಜ್ಜಿ ಮಾತ್ರ ಸೋಲೊಪ್ಪುವವಳಲ್ಲ. ಸ್ವಲ್ಪ ಹೊತ್ತು ಬೆಕ್ಕನ್ನೇ ದಿಟ್ಟಿಸಿ ಕೇಳಿದಳು: "ಹಂಗಾದ್ರ ಇದಕ್ಕ ಯಾರು ಕೊಟ್ರು ತಮ್ಮಾ ಈ ಕೆಮ್ಮ?"

ನಾನು ಇಷ್ಟುದ್ದ ಬರೆದು ತಲುಪಿದ ಪ್ರಶ್ನೆಗೆ ಆಕೆ ಕೂತಲ್ಲೇ ತಲುಪಿದ್ದಳು. ಹೆಂಚಿನ ಮೇಲೆ ರಾತ್ರಿ ಬಂದು ಜಗಳ ಆಡುವ ಗಂಡುಬೆಕ್ಕಿನಿಂದ ಇರಬೇಕು ಅಮ್ಮ ಎಂದೆ. ಆದರೂ ಅದಕ್ಕೆ ಹಾಕುವ ಹಸಿ ಕರುಳಿನ ಮೇಲೆ ಒಂದು ಕಣ್ಣಿರಲಿ, ಹಕ್ಕಿಜ್ವರದ ವೈರಸ್ಸು 70 ಡಿಗ್ರಿ ಶಾಖ ತಡೆಯುವುದಿಲ್ಲ, ಒಂದು ಕುದಿ ಬಂದರೆ ಸಾಕು ಎಂದೂ ಸೇರಿಸಿದೆ. ಆಕೆ ಏನೂ ಹೇಳಲಿಲ್ಲ.

ಮುಂದಿನ ಭಾನುವಾರ ಅವರ ಹಿತ್ತಲಲ್ಲಿ ಜವಾರಿ ಕೋಳಿ ಕೊಯ್ದಿದ್ದರು. ಗೋಡೆಯ ಮೇಲಿಂದ ಇಣುಕಿದೆ. ಒಲೆಯನ್ನು ಹೊರಗೆ, ಬೇವಿನ ಮರದ ಕೆಳಗೆ ಹೂಡಿದ್ದರು. ದೊಡ್ಡ ಪಾತ್ರೆಯಲ್ಲಿ ಮನೆಯವರ ಸಾರು. ಪಕ್ಕದ ಸಣ್ಣ ಒಲೆಯ ಮೇಲೆ ತೂತು ಬಿದ್ದ ಹಳೆಯ ಅಲ್ಯೂಮಿನಿಯಂ ಬೋಗುಣಿಯಲ್ಲಿ ಕರುಳು, ತಲೆ ಕುದಿಯುತ್ತಿದ್ದವು. ತೂತಿಗೆ ಹಿಟ್ಟು ಮೆತ್ತಿದ್ದರು. ಬೆಕ್ಕು ಬೋಗುಣಿಯಿಂದ ಒಂದು ಮಾರು ದೂರದಲ್ಲಿ, ಒಣಗಿದ ಮೂಗು ಎತ್ತಿ ಕೂತಿತ್ತು.

"ಬೆಕ್ಕಿಗೂ ಅಡಗಿ ಮಾಡೂ ಕಾಲ ಬಂತಲ್ಲೋ ತಮ್ಮಾ," ಎಂದು ಅಜ್ಜಿ ಗೊಣಗಿದಳು. ಗೊಣಗುತ್ತಲೇ ಸೌಟಿನಿಂದ ಒಮ್ಮೆ ತಿರುವಿ, ಇನ್ನೂ ಬೆಂದಿಲ್ಲ ಎಂದು ಬೆಕ್ಕನ್ನು ಹಿಂದಕ್ಕೆ ಸರಿಸಿದಳು.